ಹೆಸರಿಲ್ಲದ ಡಬ್ಬಿ

ಕಾರಾ-ಬುಲುನ್, ನರೀನ್ ಸೀಮೆ
೯ ಅಕ್ಟೋಬರ್ ೨೦೧೮

ಎಸೆನ್‌ಕುಲ್ ಅಣ್ಣಾವ್ರಿಗೆ,

ಬಾತ್ಮಾ ಬರೆಯುವುದು. ನೀವು ನನ್ನನ್ನು ಕಂಡಿಲ್ಲ, ನಾನು ನಿಮ್ಮನ್ನು ಕಂಡಿಲ್ಲ. ಆಸ್ಪತ್ರೆಯ ನರ್ಸಮ್ಮ ನಿಮ್ಮ ವಿಳಾಸ ಗೀಚಿಕೊಟ್ಟು, "ಬಿಷ್ಕೆಕ್‌ನಲ್ಲಿ ಒಬ್ರು ಮುದುಕರಿದ್ದಾರೆ, ಚೀಲ ದಾನ ಮಾಡ್ತಾರೆ, ಆದ್ರೆ ಸ್ವಲ್ಪ ಸಿಡುಕು" ಅಂದಿದ್ದಳು. ಮೊದಲು ಫೋನ್ ಮಾಡಿದ್ದೆ. ನಿಮಗೆ ಕಿವಿ ಮಂದ ಅಂತ ಯಾರೂ ಹೇಳಿರಲಿಲ್ಲ. "ಏನು ಚೀಲ? ಯಾವ ಚೀಲ? ಜೋರಾಗಿ ಹೇಳಿ" ಅಂತ ನೀವು ಅಲ್ಲಿಂದ ಕೂಗಿದ್ದು ಇಲ್ಲಿ ಅಂಗಡಿಯಲ್ಲಿದ್ದವರಿಗೆಲ್ಲ ಕೇಳಿಸಿತು. ಇಂಥ ವಿಷಯಕ್ಕೆ ಕಾಗದವೇ ವಾಸಿ.

ಹೋದ ವರ್ಷ ಮೇ ತಿಂಗಳಲ್ಲಿ ಡಾಕ್ಟರು ನನ್ನ ಕರುಳಿನ ಗಂಟು ತೆಗೆದು ಹೊಟ್ಟೆಯ ಎಡಗಡೆ ಒಂದು ಬಾಗಿಲು ಇಟ್ಟರು. ಹಿಂದಿನಿಂದ ಹೋಗಬೇಕಾದ್ದು ಈಗ ಮುಂದಿನಿಂದ ಹೋಗುತ್ತದೆ. ಆ ಬಾಗಿಲಿಗೆ ಚೀಲ ಅಂಟಿಸಿಕೊಂಡೇ ಉಣ್ಣುವುದು, ಮಲಗುವುದು, ಕಂಬಳಿಗೆ ಉಣ್ಣೆ ಬಡಿಯುವುದು. ಊರಲ್ಲಿ ಇದನ್ನು ಮುಚ್ಚಿಟ್ಟಿಲ್ಲ. ಅರವತ್ತಮೂರು ವರ್ಷದ ವಿಧವೆ ನಾನು, ಯಾರಿಗೆ ಹೆದರಲಿ? ಮೊದಲ ವಾರವೇ ಉಣ್ಣೆ ಬಡಿಯುವ ಹೆಂಗಸರ ಮುಂದೆ ಹೇಳಿಬಿಟ್ಟೆ. ಎರಡು ದಿನ ಪಿಸಪಿಸ ಅಂದರು. ಮೂರನೆಯ ದಿನ ಯಾರದೋ ಹಸು ಕಳೆದುಹೋಯಿತು, ನನ್ನನ್ನು ಮರೆತರು.

ಡಬ್ಬಿ ಬಂತು. ಚೀಲ ಹತ್ತು ಇವೆ. ದಾರ ಮಾತ್ರ ಎರಡು ಸಲ ಕಟ್ಟಿದ ಹಾಗಿದೆ. ಟ್ಯಾಕ್ಸಿಯ ಕುಬಾತ್‌ನನ್ನು ಕೇಳಿದರೆ ಮುಟ್ಟಿಲ್ಲ ಅನ್ನುತ್ತಾನೆ. ಮುಟ್ಟದವನ ಕಿವಿ ಯಾಕೆ ಕೆಂಪಾಗಬೇಕು? ಇನ್ನೊಂದು ಮಾತು. ಮೂರು ಚೀಲಗಳ ಮೇಲಿನ ತಾರೀಖು ಹೋದ ವರ್ಷವೇ ಮುಗಿದಿದೆ. ಒಳ್ಳೆಯದನ್ನು ಪೇಟೆಯವರಿಗೆ ಇಟ್ಟುಕೊಂಡು ಹಳೆಯದನ್ನು ಗುಡ್ಡದವರಿಗೆ ಸಾಗಿಸುವ ಪದ್ಧತಿಯೇ? ದಾನ ಕೊಟ್ಟ ಆಕಳ ಹಲ್ಲು ಎಣಿಸಬಾರದು ಅಂತ ಗೊತ್ತು. ಆದರೂ ಎಣಿಸಿದೆ.

ಮುಂದಿನ ತಿಂಗಳಿಂದ ನನಗೆ ಇಪ್ಪತ್ತು ಬೇಕು. ಡಬ್ಬಿಯಲ್ಲಿ ಕುರುತ್ ಇಟ್ಟಿದ್ದೇನೆ, ನಮ್ಮ ಹಸುವಿನ ಮೊಸರು ಒಣಗಿಸಿ ಉಂಡೆ ಕಟ್ಟಿದ್ದು, ಜೊತೆಗೆ ಬೆಣ್ಣೆ. ಖಾಲಿ ಡಬ್ಬಿ ತಿರುಗಿ ಕಳಿಸುವ ಮನೆ ನಮ್ಮದಲ್ಲ.

ಬಾತ್ಮಾ

*

ಬಿಷ್ಕೆಕ್
೨೦ ಅಕ್ಟೋಬರ್ ೨೦೧೮

ಗೌರವಾನ್ವಿತ ಬಾತ್ಮಾ ಅವರಿಗೆ,

ಪತ್ರ ತಲುಪಿತು. ದಾರವನ್ನು ಎರಡು ಸಲ ಕಟ್ಟಿದವನು ನಾನೇ. ಮೊದಲ ಗಂಟು ಸಡಿಲ ಅನ್ನಿಸಿತು. ಆ ಹುಡುಗನ ಕಿವಿಯ ಬಣ್ಣಕ್ಕೆ ನಾನು ಜವಾಬ್ದಾರನಲ್ಲ.

ನಮ್ಮ ಪದ್ಧತಿ ಏನೆಂದು ಬರೆಯುತ್ತೇನೆ. ತಿಂಗಳ ಮೊದಲ ಶನಿವಾರ ಇಲ್ಲಿನ ಒಂದು ಕ್ಲಿನಿಕ್ಕಿನ ಪಡಸಾಲೆಯಲ್ಲಿ ನಲವತ್ತೇಳು ಜನ ಸೇರುತ್ತಾರೆ, ಎಲ್ಲರೂ ಹೊಟ್ಟೆಗೆ ಚೀಲ ಕಟ್ಟಿಕೊಂಡವರು. ಕರುಳು ಮತ್ತೆ ಜೋಡಿಸಿಕೊಂಡವರು ಉಳಿದ ಚೀಲ ತಂದುಕೊಡುತ್ತಾರೆ. ತೀರಿಕೊಂಡವರ ಮನೆಯವರು ತಂದುಕೊಡುತ್ತಾರೆ. ವರ್ಷಕ್ಕೆರಡು ಸಲ ಜರ್ಮನಿಯಿಂದ ಒಂದು ಪೆಟ್ಟಿಗೆ ಬರುತ್ತದೆ. ಎಲ್ಲವೂ ನನ್ನ ಮನೆಯ ಕಪಾಟಿನಲ್ಲಿರುತ್ತದೆ. ಆ ಕಪಾಟು ನನ್ನ ಹೆಂಡತಿಯದು. ಅವಳಿಗೆ ಈ ತೊಂದರೆ ಇತ್ತು, ತೀರಿಕೊಂಡಳು. ಅವಳ ನೆನಪಿಗೆ ನಾನು ನೋಡಿಕೊಳ್ಳುತ್ತಿದ್ದೇನೆ.

ತಾರೀಖು ಮುಗಿದ ಚೀಲವನ್ನು ಪೇಟೆಯವರಿಗೂ ಕೊಡುತ್ತೇನೆ. ಅಂಟು ಒಣಗಿರುತ್ತದೆ, ಅಷ್ಟೆ. ಕಾಲು ಗಂಟೆ ಕಂಕುಳಲ್ಲಿ ಇಟ್ಟುಕೊಂಡು ಬೆಚ್ಚಗೆ ಮಾಡಿ, ಹಿಡಿದುಕೊಳ್ಳುತ್ತದೆ.

ಇಪ್ಪತ್ತು ಆಗುವುದಿಲ್ಲ. ಒಬ್ಬರಿಗೆ ಹತ್ತು. ಇಲ್ಲಿನ ನಲವತ್ತೇಳು ಜನ ಹತ್ತರಲ್ಲಿ ತಿಂಗಳು ಕಳೆಯುತ್ತಾರೆ. ನಿಮಗೇಕೆ ಇಪ್ಪತ್ತು? ನಾನು ಮೂವತ್ತೊಂದು ವರ್ಷ ಟ್ರಾಲಿಬಸ್ಸಿನಲ್ಲಿ ಟಿಕೆಟ್ ತಪಾಸಣೆ ಮಾಡಿದವನು. ಟಿಕೆಟ್ ಇಲ್ಲದವರು ಯಾವಾಗಲೂ ಬಾಗಿಲ ಹತ್ತಿರವೇ ನಿಂತು ಕಿಟಕಿಯಾಚೆ ನೋಡುತ್ತಾರೆ. ಕೇಳದಿದ್ದರೂ ಒಂದು ಕಥೆ ಸಿದ್ಧವಾಗಿಟ್ಟಿರುತ್ತಾರೆ. ಇತ್ತೀಚೆಗೆ ದಾನದ ಚೀಲಗಳು ಬಜಾರಿನ ಔಷಧಿ ಸಾಲಿನಲ್ಲಿ ಮಾರಾಟಕ್ಕೆ ಬರುತ್ತಿವೆ ಎಂಬ ಸುದ್ದಿ ಇದೆ. ಆದ್ದರಿಂದ ಹೊಸ ನಿಯಮ. ಬಳಸಿದ ಚೀಲದ ಹೊರಗವಸನ್ನು, ಅಂದರೆ ಅದನ್ನು ಸುತ್ತಿಟ್ಟ ಕವರನ್ನು, ಹಿಂದೆ ಕಳಿಸಬೇಕು. ಅದು ಬಂದರೆ ಮುಂದಿನ ಡಬ್ಬಿ. ಜೊತೆಗೆ ನಿಮ್ಮ ಬಾಗಿಲಿನ ಅಳತೆಯನ್ನು ಕಾಗದದ ಮೇಲೆ ಬರೆದು ಕಳಿಸಿ.

ದಯವಿಟ್ಟು ಕುರುತ್ ಕಳಿಸಬೇಡಿ. ನನಗೆ ಹುಳಿ ಆಗುವುದಿಲ್ಲ. ಇದನ್ನು ಕೊಟ್ಟರೆ ನಿಯಮ ಮೆತ್ತಗಾಗುತ್ತದೆ ಎಂದುಕೊಂಡಿದ್ದರೆ ಆಗುವುದಿಲ್ಲ.

ಎಸೆನ್‌ಕುಲ್

*

ಕಾರಾ-ಬುಲುನ್
೪ ನವೆಂಬರ್ ೨೦೧೮

ಟಿಕೆಟ್ ಅಣ್ಣಾವ್ರಿಗೆ,

ಕುರುತ್ ಲಂಚವಂತೆ! ನಿಮ್ಮ ಕಾಗದವನ್ನು ನನ್ನ ಮೊಮ್ಮಗಳ ಹತ್ತಿರ ಎರಡು ಸಲ ಓದಿಸಿದೆ, ನನ್ನ ಕಣ್ಣೇ ತಪ್ಪೋ ಅಂತ. ನಾಲ್ಕು ಉಂಡೆ ಮೊಸರಿಗೆ ಮನುಷ್ಯರನ್ನು ಕೊಳ್ಳಬಹುದಾದರೆ ಈ ಕಣಿವೆಯಲ್ಲಿ ಎಲ್ಲರೂ ಮಂತ್ರಿಗಳಾಗಿರುತ್ತಿದ್ದರು.

ಹೊರಗವಸು ನನ್ನ ಹತ್ತಿರ ಇಲ್ಲ, ಇರುವುದೂ ಇಲ್ಲ. ಉಗುರು, ಉದುರಿದ ಕೂದಲು, ಮೈಗೆ ಸೋಕಿದ ಬಟ್ಟೆ, ಇವನ್ನೆಲ್ಲ ನಾವು ಕಂಡವರ ಕಾಲಿಗೆ ಸಿಗುವ ಹಾಗೆ ಬಿಸಾಡುವುದಿಲ್ಲ. ಒಲೆಗೆ ಹಾಕುತ್ತೇವೆ. ಅದು ನನ್ನ ಅಜ್ಜಿ ಹೇಳಿಕೊಟ್ಟದ್ದು. ಚೀಲವೂ ಒಲೆಗೆ, ಗವಸೂ ಒಲೆಗೆ. ನೀವೂ ಕಿರ್ಗಿಜ್ ತಾಯಿಯ ಹಾಲು ಕುಡಿದವರೇ ತಾನೆ? ಪೇಟೆಯ ಮೂರನೆಯ ಮಹಡಿಗೆ ಹೋದ ಮೇಲೆ ಒಲೆ ಮರೆತಿರಬೇಕು.

ಅಳತೆ ಇದರ ಜೊತೆ ಇದೆ. ಗುಂಡಗಿದೆ, ಚಿಕ್ಕ ಚಹಾ ಬಟ್ಟಲಿನ ತಳದಷ್ಟು. ಗಂಡಸರಿಗೆ ಇದನ್ನು ಬರೆದು ಕಳಿಸಬೇಕಾಗಿ ಬಂತಲ್ಲ ಅಂತ ಅವಸರದಲ್ಲಿ ಎಳೆದೆ. ಗೆರೆ ಒಂದು ಕಡೆ ವಾರೆಯಾಗಿದ್ದರೆ ಅದಕ್ಕೇ.

ಇಪ್ಪತ್ತು ಯಾಕೆ ಅಂತ ಕೇಳಿದ್ದೀರಿ. ಕಂಬಳಿ ಕೆಲಸದಲ್ಲಿ ಇಡೀ ದಿನ ಬಗ್ಗಿ ಒತ್ತಬೇಕು, ಚೀಲ ಬೇಗ ಬಿಟ್ಟುಕೊಳ್ಳುತ್ತದೆ. ಇದು ಸಾಲದೇ? ನಿಮಗೇನು ಗೊತ್ತು, ನೀವು ಡಬ್ಬಿ ಕಟ್ಟುವವರು. ಕಟ್ಟಿಕೊಂಡವರ ಕಷ್ಟ ಕಟ್ಟಿಕೊಂಡವರಿಗೇ ಗೊತ್ತು. ಹೆಂಡತಿಗೆ ಇತ್ತು ಅಂತೀರಿ. ಅವಳ ಹತ್ತಿರವೂ ಗವಸು ಲೆಕ್ಕ ಕೇಳುತ್ತಿದ್ದಿರಾ?

ಬಾತ್ಮಾ

*

ಬಿಷ್ಕೆಕ್
೧೮ ನವೆಂಬರ್ ೨೦೧೮

ಬಾತ್ಮಾ ಅವರಿಗೆ,

ಅಳತೆ ತಲುಪಿತು. ಮೂವತ್ತೆರಡು ಮಿಲಿಮೀಟರ್. ಹತ್ತು ಚೀಲ ಕಳಿಸಿದ್ದೇನೆ.

ಒಲೆಯ ವಿಷಯ ನನಗೂ ಗೊತ್ತು, ನನ್ನ ತಾಯಿಯೂ ಹಾಗೇ ಮಾಡುತ್ತಿದ್ದಳು. ಆದರೆ ಹೊರಗವಸು ಮೈಗೆ ಸೋಕುವುದಿಲ್ಲ. ಸೋಕದ್ದನ್ನೂ ಸುಟ್ಟುಬಿಟ್ಟೆ ಎನ್ನುವುದು ಅನುಕೂಲದ ಮಾತು.

ಕಂಬಳಿ ಕೆಲಸದ ಕಥೆ ನಂಬುವಂತಿಲ್ಲ. ನಮ್ಮಲ್ಲಿ ಇಟ್ಟಿಗೆ ಹೊರುವವನೊಬ್ಬನಿದ್ದಾನೆ, ಅವನಿಗೂ ಹತ್ತೇ. ಮೊದಲ ಪತ್ರದಲ್ಲಿ ಕಾರಣ ಬರೆದಿರಲಿಲ್ಲ, ನಾನು ಕೇಳಿದ ಮೇಲೆ ಹುಟ್ಟಿತು. ಈ ಸಲದ ಡಬ್ಬಿಯ ಮೇಲಿನ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದೇನೆ. ಇದು ಬೆದರಿಕೆಯಲ್ಲ, ತಿಳಿಸುತ್ತಿದ್ದೇನೆ.

ನನ್ನ ಹೆಂಡತಿಯ ವಿಷಯ ಎತ್ತದಿದ್ದರೆ ಒಳ್ಳೆಯದು.

ಎಸೆನ್‌ಕುಲ್

*

ಕಾರಾ-ಬುಲುನ್
೧೪ ಡಿಸೆಂಬರ್ ೨೦೧೮

ಅಣ್ಣಾವ್ರೇ,

ಈ ಸಲ ಜಗಳಕ್ಕೆ ಬರೆಯುತ್ತಿಲ್ಲ. ಹತ್ತು ಸಾಲುತ್ತಿಲ್ಲ. ನಿಜವಾಗಿ ಸಾಲುತ್ತಿಲ್ಲ. ಒಂದೊಂದನ್ನು ದಿನಗಟ್ಟಲೆ ಎಳೆದರೂ ಸಾಲುತ್ತಿಲ್ಲ.

ಕಂಬಳಿ ಕೆಲಸ ಅಂತ ಬರೆದದ್ದು ಸುಳ್ಳು, ಒಪ್ಪಿಕೊಂಡೆ. ನಿಜವಾದ ಕಾರಣ ಹೇಳಲಾರೆ. ರೊಟ್ಟಿ ಹಿಡಿದು ಆಣೆ ಮಾಡಿದ್ದೇನೆ. ರೊಟ್ಟಿಯ ಆಣೆ ಮುರಿದವಳ ಮನೆಯಲ್ಲಿ ಹಿಟ್ಟು ಹುದುಗುವುದಿಲ್ಲ ಅಂತ ನಿಮಗೂ ಗೊತ್ತಿರಬೇಕು. ನಾನು ಒಂದು ಚೀಲವನ್ನೂ ಮಾರಿಲ್ಲ. ಇಷ್ಟು ಮಾತ್ರ ಹೇಳಬಲ್ಲೆ. ಕೇಳುವುದು ನನಗೂ ನಾಚಿಕೆ, ಆದರೂ ಕೇಳುತ್ತಿದ್ದೇನೆ. ಮುಂದಿನ ವಾರ ಕುಬಾತ್ ಪೇಟೆಗೆ ಬರುತ್ತಾನೆ. ಅವನ ಕೈಯಲ್ಲಿ ಇಪ್ಪತ್ತು ಕಳಿಸಿ.

ಬಾತ್ಮಾ

*

ಬಿಷ್ಕೆಕ್
೨೮ ಡಿಸೆಂಬರ್ ೨೦೧೮

ಬಾತ್ಮಾ ಅವರಿಗೆ,

ಕುಬಾತ್ ಬಂದಿದ್ದ. ಬರಿಗೈಯಲ್ಲಿ ಕಳಿಸಿದೆ. ಕಾರಣ ಬರೆಯುತ್ತೇನೆ.

ಮೊನ್ನೆ ಶನಿವಾರ ನಾನೇ ಬಜಾರಿಗೆ ಹೋದೆ. ಔಷಧಿ ಸಾಲಿನ ಕೊನೆಯಲ್ಲಿ ಒಬ್ಬಳು ಹೆಂಗಸು ಕೆಮ್ಮಿನ ಗುಳಿಗೆ, ಬ್ಯಾಂಡೇಜುಗಳ ನಡುವೆ ಒಂದು ಡಬ್ಬಿ ಇಟ್ಟುಕೊಂಡಿದ್ದಳು. ತಿರುಗಿಸಿ ನೋಡಿದೆ. ನವೆಂಬರಿನಲ್ಲಿ ನಿಮಗೆ ಕಳಿಸಿದ ಡಬ್ಬಿಯ ಸಂಖ್ಯೆ. ಒಂದಂಕಿಯೂ ವ್ಯತ್ಯಾಸವಿಲ್ಲ. ಮೂರು ಸಲ ಪುಸ್ತಕಕ್ಕೆ ಹೋಲಿಸಿ ನೋಡಿದೆ. ಎಲ್ಲಿಂದ ಬಂತು ಎಂದು ಕೇಳಿದರೆ, "ಯಾರೋ ಗುಡ್ಡದ ಕಡೆಯವ್ರು ತಂದ್ಕೊಟ್ರು, ನಿಮಗ್ಯಾಕೆ?" ಅಂದಳು. ಗುಡ್ಡದ ಕಡೆಯವರು!

ಮೂವತ್ತೊಂದು ವರ್ಷದಲ್ಲಿ ಒಂದೇ ಸಂಖ್ಯೆಯ ಎರಡು ಟಿಕೆಟ್ಟನ್ನು ನಾನು ಕಂಡಿಲ್ಲ. ಕಳ್ಳತನ ಮಾಡಿದವರು ಆಣೆಯ ಹಿಂದೆ ನಿಲ್ಲುವುದನ್ನು ಬೇಕಾದಷ್ಟು ಕಂಡಿದ್ದೇನೆ. ತಾಯಿಯ ಮೇಲೆ, ಮಕ್ಕಳ ಮೇಲೆ, ರೊಟ್ಟಿಯ ಮೇಲೆ.

ಇನ್ನು ಡಬ್ಬಿ ಬರುವುದಿಲ್ಲ. ನಿಮಗೆ ಒಂದೇ ಒಂದು ದಾರಿ ಉಳಿದಿದೆ. ಚೀಲ ಬಳಸುವ ಮುಂಚೆ ಅದರ ಅಂಟಿನ ತಟ್ಟೆಯ ನಡುವೆ ನಿಮ್ಮ ಅಳತೆಗೆ ತೂತು ಕತ್ತರಿಸುತ್ತೀರಿ. ಕತ್ತರಿಸಿದಾಗ ಒಂದು ಬಿಲ್ಲೆ ಬೀಳುತ್ತದೆ. ಅದು ಮೈಗೆ ಸೋಕಿದ್ದಲ್ಲ, ಒಲೆಯ ನೆಪ ಅದಕ್ಕಿಲ್ಲ. ಬಿಲ್ಲೆಗಳನ್ನು ಕಳಿಸಿ. ಕತ್ತರಿಸಿದ ಚೀಲವನ್ನು ಯಾರೂ ಕೊಳ್ಳುವುದಿಲ್ಲ, ಆದ್ದರಿಂದ ಎಷ್ಟು ಬಿಲ್ಲೆಯೋ ಅಷ್ಟನ್ನು ನೀವು ಮಾರಿಲ್ಲವೆಂದು ಒಪ್ಪುತ್ತೇನೆ.

ಎಸೆನ್‌ಕುಲ್

*

ಕಾರಾ-ಬುಲುನ್
೧೬ ಜನವರಿ ೨೦೧೯

ಎಸೆನ್‌ಕುಲ್ ಅವರಿಗೆ,

ನಿಮ್ಮ ಕಾಗದ ಹೊಸವರ್ಷದ ಹಿಮದಲ್ಲಿ ಸಿಕ್ಕಿ ನಿನ್ನೆ ಬಂತು. ಕಳ್ಳಿ ಅಂತ ಕರೆದಿದ್ದೀರಿ. ಕರೆಯಿರಿ. ಉತ್ತರ ಕೊಡುವ ಪುರುಸೊತ್ತು ನನಗಿಲ್ಲ.

ಲಕೋಟೆಯಲ್ಲಿ ಹದಿನೇಳು ಬಿಲ್ಲೆ ಇವೆ. ಮಿಕ್ಕವು ನನ್ನ ಬೆರಳಿಗೆ ಹೋದವು. ಸೂಜಿ ಚುಚ್ಚಿ ಬೆರಳು ಸೀಳಿದಾಗ ಅದನ್ನು ಅಂಟಿಸಿಕೊಂಡರೆ ಎರಡು ದಿನದಲ್ಲಿ ಕೂಡಿಕೊಳ್ಳುತ್ತದೆ, ಅದಕ್ಕೇ ಕಂಬಳಿ ಚೂರುಗಳ ಬುಟ್ಟಿಯಲ್ಲಿ ಹಾಕಿಟ್ಟುಕೊಳ್ಳುತ್ತಿದ್ದೆ. ಎಣಿಸಿಕೊಳ್ಳಿ. ಬೆಳಕಿಗೆ ಹಿಡಿದು ನೋಡಿ. ಮೂಸಿ ಬೇಕಾದರೂ ನೋಡಿ.

ಘಾಟಿಯಲ್ಲಿ ಹಿಮ ಜಾರಿ ದಾರಿ ಮುಚ್ಚಿದೆ ಅನ್ನುತ್ತಾರೆ. ತೆರೆದ ದಿನವೇ ಕುಬಾತ್ ಹೊರಡುತ್ತಾನೆ. ಅವನು ಅಲ್ಲಿಂದ ಹೊರಡುವಾಗ ಡಬ್ಬಿ ಅವನ ಕೈಯಲ್ಲಿರಲಿ. ನನ್ನ ಸಲುವಾಗಿ ಕೇಳುತ್ತಿಲ್ಲ. ನನ್ನನ್ನು ಜೈಲಿಗೆ ಬೇಕಾದರೂ ಹಾಕಿಸಿ, ಆಮೇಲೆ. ಮೊದಲು ಚೀಲ ಕಳಿಸಿ.

ಬಾತ್ಮಾ

*

ಬಿಷ್ಕೆಕ್
೮ ಫೆಬ್ರವರಿ ೨೦೧೯

ಬಾತ್ಮಾ ಅಕ್ಕಾವ್ರಿಗೆ,

ಕುಬಾತ್ ಕೆಳಗೆ ಕಾರಿನಲ್ಲಿ ಕಾಯುತ್ತಿದ್ದಾನೆ. ಬೇಗ ಬರೆಯುತ್ತೇನೆ.

ಲಕೋಟೆ ಮೊನ್ನೆ ಬುಧವಾರ ಸಿಕ್ಕಿತು. ಅಡುಗೆಮನೆಯ ಮೇಜಿನ ಮೇಲೆ ಬಿಲ್ಲೆಗಳನ್ನು ಹರಡಿ ನಿಮ್ಮ ಅಳತೆಯ ಕಾಗದದ ಮೇಲೆ ಒಂದೊಂದಾಗಿ ಇಟ್ಟು ನೋಡಿದೆ. ಎಂಟು ಬಿಲ್ಲೆ ನಿಮ್ಮ ಗೆರೆಗೆ ಸರಿಯಾಗಿ ಕೂತವು. ಒಂಬತ್ತು ಕೂರಲಿಲ್ಲ. ಅವು ಗುಂಡಗಿಲ್ಲ. ಉದ್ದಕ್ಕಿವೆ, ಬಾದಾಮಿಯ ಆಕಾರ. ನಿಜ ಹೇಳುತ್ತೇನೆ, ಮೊದಲು ನನಗೆ ಖುಷಿಯಾಯಿತು. ಸಿಕ್ಕಿಬಿದ್ದಳು ಅಂದುಕೊಂಡೆ. ಒಂದು ಹೊಟ್ಟೆಗೆ ಎರಡು ಥರದ ಬಾಗಿಲೇ, ಲೆಕ್ಕ ತುಂಬಿಸಲು ಸುಮ್ಮನೆ ಕತ್ತರಿಸಿದ್ದಾಳೆ ಅಂತ ಬಿಲ್ಲೆಗಳನ್ನು ಕಟ್ಟಿಕೊಂಡು ಕ್ಲಿನಿಕ್ಕಿಗೆ ಹೋದೆ, ನರ್ಸ್ ಲ್ಯುದ್ಮಿಲಾಗೆ ತೋರಿಸಲು. ಬಜಾರಿನ ಸಂಖ್ಯೆಯನ್ನೂ ಒಯ್ದೆ.

ಸಂಖ್ಯೆ ನೋಡಿ ಅವಳು ನಕ್ಕಳು. ಅದು ಕಾರ್ಖಾನೆಯಲ್ಲಿ ಒಂದೇ ದಿನ ಮಾಡಿದ ಸಾವಿರಾರು ಡಬ್ಬಿಗಳ ಮೇಲೂ ಇರುತ್ತದಂತೆ. ತನ್ನ ಅಲಮಾರಿ ತೆಗೆದು ಅದೇ ಸಂಖ್ಯೆಯ ಆರು ಡಬ್ಬಿ ತೋರಿಸಿದಳು. ಟಿಕೆಟ್ ಅಲ್ಲ ಕಣ್ರೀ ಅದು, ಅಂದಳು. ಬಿಲ್ಲೆ ನೋಡಿ ಮಾತ್ರ ನಗಲಿಲ್ಲ. ಉದ್ದನೆಯದನ್ನು ಒಂದೊಂದಾಗಿ ಒಂದರ ಮೇಲೊಂದು ಪೇರಿಸಿದಳು. ಒಂಬತ್ತೂ ಒಂದೇ ಅಚ್ಚು. "ಸುಮ್ನೆ ಕತ್ತರಿಸಿದ್ರೆ ಹಿಂಗೆ ಬರಲ್ಲ. ಅಲ್ಲಿ ಇಬ್ರಿದ್ದಾರೆ. ಇನ್ನೊಬ್ರು ಯಾರು, ಎಸೆನ್‌ಕುಲ್?" ಅಂದಳು.

ನೀವು ಆಣೆ ಮುರಿಯಲಿಲ್ಲ. ಬಿಲ್ಲೆಗಳು ಹೇಳಿದವು, ನೀವಲ್ಲ.

ಎರಡು ಡಬ್ಬಿ ಕಳಿಸಿದ್ದೇನೆ, ಒಂದೊಂದರಲ್ಲಿ ಇಪ್ಪತ್ತು. ಒಂದರ ಮೇಲೆ ನಿಮ್ಮ ಹೆಸರಿದೆ. ಇನ್ನೊಂದರ ಮೇಲೆ ಹೆಸರಿಲ್ಲ. ಉದ್ದನೆಯ ಬಾಗಿಲಿಗೆ ಹೊಂದುವ ಮೆತ್ತನೆಯ ತಟ್ಟೆಯವನ್ನೇ ಹುಡುಕಿ ಇಟ್ಟಿದ್ದೇನೆ. ಯಾರು ಅಂತ ಕೇಳುವುದಿಲ್ಲ. ಗವಸೂ ಬೇಡ, ಬಿಲ್ಲೆಯೂ ಬೇಡ.

ತಪ್ಪಾಯಿತು.

ಎಸೆನ್‌ಕುಲ್

*

ಕಾರಾ-ಬುಲುನ್
೧೭ ಫೆಬ್ರವರಿ ೨೦೧೯

ಎಸೆನ್‌ಕುಲ್ ಅವರಿಗೆ,

ಹೆಸರಿಲ್ಲದ ಡಬ್ಬಿಯನ್ನು ಹಿಂದೆ ಕಳಿಸುತ್ತಿದ್ದೇನೆ. ಖಾಲಿ ಅಲ್ಲ, ನೀವು ತುಂಬಿದ್ದೇ ಅದರಲ್ಲಿದೆ, ಇಪ್ಪತ್ತೂ ಇವೆ.

ಹೆಸರು ಈಗ ಬರೆಯಬಹುದು. ನುರ್ಪೆರಿ. ಇಪ್ಪತ್ತನಾಲ್ಕು ವರ್ಷ. ನಮ್ಮ ಬೇಲಿಯಾಚೆಯ ಉಮ್ಸುನ್‌ಳ ಸೊಸೆ. ಊರಿಗೆಲ್ಲ ಗೊತ್ತಾದ ಮೇಲೆ ಆಣೆ ಎಲ್ಲಿ ಉಳಿಯಿತು?

ಗಂಡ ಹೆಂಡತಿ ಮಾಸ್ಕೋದಲ್ಲಿ ದುಡಿಯುತ್ತಿದ್ದರು. ಅಲ್ಲೇ ಅವಳ ಕರುಳು ತಿರುಚಿಕೊಂಡು ಆಪರೇಷನ್ ಆಯಿತು. ಗಂಡ ಅವಳನ್ನು ಇಲ್ಲಿಗೆ ಕಳಿಸಿ, ಅಮ್ಮನಿಗೆ ಅಪೆಂಡಿಕ್ಸ್ ಅಂತ ಹೇಳು, ವಸಂತದಲ್ಲಿ ಬಂದು ನಾನೇ ತಿಳಿಸುತ್ತೇನೆ ಅಂದನಂತೆ. ಅಕ್ಟೋಬರಿನಲ್ಲಿ ಅವಳು ನಮ್ಮ ಮನೆಗೆ ಹಿಟ್ಟು ಕಡ ಕೇಳಲು ಬಂದವಳು ನಿಮ್ಮ ಡಬ್ಬಿ ನೋಡಿ ಹೊಸ್ತಿಲಲ್ಲೇ ಕೂತುಬಿಟ್ಟಳು. ತಂದಿದ್ದ ಚೀಲ ಮುಗಿಯುತ್ತಾ ಬಂದಿತ್ತು. ರೊಟ್ಟಿ ಹಿಡಿಸಿ ಆಣೆ ತೆಗೆದುಕೊಂಡಳು, ಯಾರಿಗೂ ಹೇಳಕೂಡದು, ಡಬ್ಬಿ ಕಳಿಸುವವರಿಗೂ. ಗಂಡಸರು ಅಂದರೆ ಗಂಡಸರೇ, ಬಾಯಿಬಿಡುತ್ತಾರೆ ಅಂದಳು. ನಾನೂ ಹೌದು ಅಂದೆ. ನನ್ನಂತೆ ಎಲ್ಲರ ಮುಂದೆ ಹೇಳಿಬಿಡು ಅಂದರೆ, "ನಿಮ್ಗೆ ಸರಿ ಅಜ್ಜಿ, ನಿಮ್ಮನ್ನ ಯಾರು ತವರಿಗೆ ಕಳಿಸ್ತಾರೆ?" ಅಂದಳು. ಡಬ್ಬಿಯ ಚೀಲಗಳಲ್ಲಿ ಅರ್ಧ ಎಣಿಸಿ ಅವಳ ಕೈಗಿಟ್ಟೆ.

ಡಿಸೆಂಬರಿನ ಡಬ್ಬಿ ಬರಲಿಲ್ಲ. ನನ್ನ ಹತ್ತಿರ ಉಳಿದಿದ್ದ ನಾಲ್ಕನ್ನೂ ಅವಳಿಗೇ ಕೊಟ್ಟೆ. ನಾನು ಬಟ್ಟೆ ಮಡಿಸಿ ಕಟ್ಟಿಕೊಂಡೆ, ನನ್ನದು ಗಟ್ಟಿ, ನಡೆಯುತ್ತದೆ. ಅವಳದು ನೀರು. ನೀರಿಗೆ ಬಟ್ಟೆ ನಿಲ್ಲುತ್ತದೆಯೇ? ಕೊನೆಯದನ್ನು ಹನ್ನೆರಡು ದಿನ ತೊಳೆದು ತೊಳೆದು ಹಾಕಿಕೊಂಡಳು.

ಫೆಬ್ರವರಿ ಐದಕ್ಕೆ ಉಮ್ಸುನ್‌ಳ ಮಾವನ ವರ್ಷಾಂತಿಕದ ಊಟ. ಅರವತ್ತು ಜನ. ಸೊಸೆಯಾದವಳು ಮಂಡಿಯೂರಿ ಕೂತು ಎಲ್ಲರ ಬಟ್ಟಲಿಗೂ ಚಹಾ ಸುರಿಯಬೇಕು. ಹಿರಿಯರ ಸಾಲಿನ ಮುಂದೆ ಬಗ್ಗಿದಾಗ ಅಂಟು ಬಿಟ್ಟಿತು. ಹಾಸಿದ ಬಟ್ಟೆಯ ಮೇಲೆ, ರೊಟ್ಟಿಯ ಪಕ್ಕದಲ್ಲೇ. ನಾನು ಎದುರಿಗೇ ಕೂತಿದ್ದೆ. ನನ್ನ ಬಟ್ಟಲನ್ನು ಬೇಕೆಂದೇ ಉರುಳಿಸಿದೆ, ಚಹಾ ಅನ್ನಲಿ ಅಂತ. ಅದರ ವಾಸನೆಯನ್ನು ಚಹಾ ಮುಚ್ಚುತ್ತದೆಯೇ? ಅತಿಥಿಗಳು ಎದ್ದು ಹೋದ ಮೇಲೆ ಉಮ್ಸುನ್ ಬೆಳಿಗ್ಗೆ ಅವಳು ನಾದಿದ್ದ ಹಿಟ್ಟನ್ನೆಲ್ಲ ನಾಯಿಗೆ ಸುರಿದಳು. "ಇಷ್ಟು ದಿನ ಇವಳ ಕೈಯಿಂದ ತಿಂದ್ವಲ್ಲ" ಅಂದಳು, ಅಷ್ಟೇ. ಮಾರನೆಯ ದಿನವೇ ನುರ್ಪೆರಿಯನ್ನು ಗಂಟುಮೂಟೆ ಸಮೇತ ಕುಬಾತ್‌ನ ಕಾರಿಗೆ ಹತ್ತಿಸಿ ಕೊಚ್ಕೋರಿನ ಅಪ್ಪನ ಮನೆಗೆ ಕಳಿಸಿದರು. ದಾರಿ ತೆರೆದದ್ದು ಆವತ್ತೇ. ಒಂದೇ ಕಾರಿನಲ್ಲಿ ನಿಮಗೆ ಬರೆದ ಲಕೋಟೆಯೂ ಹೋಯಿತು, ಅವಳೂ ಹೋದಳು. ಗಂಡ ಫೋನ್ ಎತ್ತುತ್ತಿಲ್ಲ.

ಉಮ್ಸುನ್‌ಳ ಮೇಲೆ ನನಗೆ ಕೋಪವಿದೆ, ನಿಮ್ಮ ಮೇಲೂ ಇದೆ. ನನ್ನ ಮೇಲೆ ಇನ್ನೂ ಹೆಚ್ಚು. ಆಣೆ ಮುರಿದು ಒಂದು ಸಾಲು ಬರೆದಿದ್ದರೆ ನನ್ನ ಹಿಟ್ಟು ಹುದುಗದೆ ಹೋಗುತ್ತಿತ್ತು, ಅಷ್ಟೇ ತಾನೆ. ಆ ಹುಡುಗಿಗೆ ಒಂದು ಮನೆ ಉಳಿಯುತ್ತಿತ್ತು.

ಅಪ್ಪನ ಹೆಸರು ಮುಕಾಶ್. ಕೊಚ್ಕೋರಿನ ಹಳೆಯ ಗಿರಣಿಯ ಹಿಂದಿನ ಮನೆ. ಏನು ಮಾಡುತ್ತೀರೋ ಮಾಡಿ.

ಬಾತ್ಮಾ

*

ಬಿಷ್ಕೆಕ್
೩ ಮಾರ್ಚ್ ೨೦೧೯

ಬಾತ್ಮಾ ಅಕ್ಕಾ,

ಬುಧವಾರ ಕೊಚ್ಕೋರಿಗೆ ಹೋಗಿದ್ದೆ. ನಿಮಗೆ ಮೊದಲು ಒಂದು ಮಾತು ಹೇಳಬೇಕು. ನನ್ನ ಹೆಂಡತಿಗೆ ಯಾವ ಚೀಲವೂ ಇರಲಿಲ್ಲ. ಅವಳು ಸತ್ತದ್ದು ಎದೆನೋವಿನಿಂದ. ಚೀಲ ನನಗಿದೆ. ಒಂಬತ್ತು ವರ್ಷವಾಯಿತು. ಶನಿವಾರದ ನಲವತ್ತೇಳು ಜನರಿಗೂ ಗೊತ್ತಿಲ್ಲ. ಲ್ಯುದ್ಮಿಲಾಗೆ ಮಾತ್ರ ಗೊತ್ತು. ಆವತ್ತಿನಿಂದ ನಾನು ಪೇಟೆ ಬಿಟ್ಟು ಹೊರಗೆ ಹೋಗಿರಲಿಲ್ಲ. ಕಾರಿನಲ್ಲಿ ನಾಲ್ಕು ಗಂಟೆ ಹೇಗೆ ಕೂರುವುದು ಅಂತ ಭಯ. ದಾರಿಯುದ್ದಕ್ಕೂ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದೆ. ಹೊಟ್ಟೆನೋವಾ ತಾತ ಅಂತ ಕುಬಾತ್ ಎರಡು ಸಲ ಕೇಳಿದ.

ಮುಕಾಶ್ ಗೇಟು ತೆಗೆಯಲಿಲ್ಲ. ಅದರ ಮೇಲಿಂದಲೇ ಇಣುಕಿ, "ಯಾರು ನೀನು? ಅವರ ಕಡೆಯವನಾ? ಇನ್ನೇನು ವಾಪಸ್ ಬೇಕಂತೆ ಅವಳಿಗೆ?" ಅಂದ. ಉಮ್ಸುನ್ ಕಳಿಸಿದವನು ಅಂತ ತಿಳಿದಿದ್ದ. ಅಲ್ಲ, ಡಬ್ಬಿ ತಂದಿದ್ದೇನೆ, ನಿಮ್ಮ ಮಗಳಿಗೆ ಬೇಕಾದ ಚೀಲ ಅಂದೆ. ಆ ಮಾತು ಕೇಳಿ ಅವನ ಮುಖ ಇನ್ನೂ ಬಿಗಿಯಾಯಿತು. ಎದುರು ಮನೆಯ ಇಬ್ಬರು ಹೆಂಗಸರು ಬಕೆಟ್ಟು ಹಿಡಿದು ನಿಂತು ನೋಡುತ್ತಿದ್ದರು. ಊರೆಲ್ಲ ತಮಾಷೆ ನೋಡಿದ್ದು ಸಾಲದೇ, ಹೋಗು ಅಂದ. ನನಗೂ ಇದೆ ಅಂದೆ. ಸುಳ್ಳು ಅಂದ.

ಸುಳ್ಳು ಅನ್ನುವವರಿಗೆ ಏನು ಹೇಳಬೇಕು ಅಂತ ನನಗೆ ತಿಳಿಯಲಿಲ್ಲ. ಇಷ್ಟು ವರ್ಷ ಅನ್ನುತ್ತಿದ್ದವನು ನಾನು. ಕೋಟಿನ ಗುಂಡಿ ಬಿಚ್ಚಿದೆ, ಅಂಗಿಯದನ್ನೂ ಬಿಚ್ಚಿದೆ. ಗೇಟಿನ ಮುಂದೆ, ಆ ಚಳಿಯಲ್ಲಿ, ಬಕೆಟ್ಟು ಹಿಡಿದ ಹೆಂಗಸರ ಎದುರಿಗೆ. ಮುಕಾಶ್ ನೋಡಿದ. ಆಮೇಲೆ ಆ ಹೆಂಗಸರನ್ನು ಗದರಿಸಿ ಒಳಗಟ್ಟಿ, ಗೇಟು ತೆಗೆದ.

ನುರ್ಪೆರಿ ಒಲೆಯ ಪಕ್ಕ ಕೂತಿದ್ದಳು. ಸಣ್ಣಗಾಗಿದ್ದಾಳೆ. ಹೊಟ್ಟೆಗೆ ಟವೆಲ್ಲು ಸುತ್ತಿಕೊಂಡಿದ್ದಳು. ನಾನು ಯಾರು ಅಂತ ಅಪ್ಪ ಹೇಳಿದಾಗ ಡಬ್ಬಿಯನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಅಂಗಿಯ ಗುಂಡಿ ಇನ್ನೂ ಹಾಕಿಕೊಂಡಿರಲಿಲ್ಲ ನಾನು. ಅವಳ ಕಣ್ಣು ನನ್ನ ಪಾರದರ್ಶಕ ಚೀಲದ ಕಡೆ ಹೋಯಿತು.

"ತೂತು ದೊಡ್ಡದಾಗಿ ಕತ್ತರಿಸಿದ್ದೀರ ತಾತ. ಸುತ್ತ ಚರ್ಮ ಬೆಂದಿದೆ ನೋಡಿ. ಉರಿಯಲ್ವಾ?"

ಉರಿಯುತ್ತದೆ ಅಂದೆ. ಒಂಬತ್ತು ವರ್ಷದಿಂದ ಉರಿಯುತ್ತಿದೆ, ಅದು ಹಾಗೇ ಇರಬೇಕೇನೋ ಅಂದುಕೊಂಡಿದ್ದೆ. ಮೂರು ವರ್ಷದಿಂದ ಜನರಿಗೆ ಅಳತೆ ಹೇಳಿಕೊಡುವವನು ನಾನು, ನನ್ನ ಅಳತೆ ಯಾರಿಗೂ ತೋರಿಸಿರಲಿಲ್ಲ. ಅವಳು ಕತ್ತರಿ ತರಿಸಿದಳು. ಕಾಗದ ಮಡಿಸಿ ಇಟ್ಟು ಅಳತೆ ತೆಗೆದಳು, ಡಬ್ಬಿಯಿಂದ ಒಂದು ಚೀಲ ತೆಗೆದು ಅಪ್ಪನ ಕೈಗೆ ಬೆಚ್ಚಗೆ ಹಿಡಿದುಕೊಳ್ಳಲು ಕೊಟ್ಟಳು. ಆಮೇಲೆ ಕತ್ತರಿಸತೊಡಗಿದಳು. ತಲೆ ಎತ್ತದೆಯೇ ಕೇಳಿದಳು, "ಡಿಸೆಂಬರ್ ಡಬ್ಬಿ ಯಾಕೆ ಬರ್ಲಿಲ್ಲ?"

ಹೇಳಲು ನನ್ನ ಹತ್ತಿರ ಬೇಕಾದಷ್ಟಿತ್ತು. ಬಜಾರಿನ ಹೆಂಗಸು, ಸಂಖ್ಯೆ, ನಿಯಮ, ಆ ನಲವತ್ತೇಳು ಜನ. ಇಡೀ ದಾರಿ ಅದನ್ನೇ ಜೋಡಿಸಿಕೊಂಡು ಹೋಗಿದ್ದೆ.

"ನಾನು ನಂಬ್ಲಿಲ್ಲ ಮಗಳೇ" ಅಂದೆ.

ಕತ್ತರಿ ನಿಂತಿತು. ಮುಕಾಶ್ ಗೋಡೆ ನೋಡಿದ. ಅವಳು ಅಳಲಿಲ್ಲ, ಬೈಯಲಿಲ್ಲ, ಪರವಾಗಿಲ್ಲ ಅಂತಲೂ ಅನ್ನಲಿಲ್ಲ. ಆಮೇಲೆ ಮತ್ತೆ ಕತ್ತರಿಸಿದಳು, ಅಂಚನ್ನು ಬೆರಳಿನಿಂದ ಸವರಿ ನೋಡಿ ನನ್ನ ಕೈಗೆ ಕೊಟ್ಟಳು.

"ಇದನ್ನ ಹಾಕ್ಕೊಂಡು ಹೋಗಿ" ಅಂದಳು. "ದಾರಿ ದೂರ ಇದೆ."

ಎಸೆನ್‌ಕುಲ್